ಮಣಿಯ ಬಾಯಿ

ಕಳೆದ ಶ್ರಾವಣದಲ್ಲಿ ನಾನೇ ಪೋಣಿಸಿಕೊಂಡಿದ್ದ ಕರಿಮಣಿ ಸರ ಎರಡು ತಿಂಗಳೂ ತಾಳದೆ ಹರಿದು, ಪುಣೆಯ ನಮ್ಮ ಮನೆಯ ಅಡುಗೆಕೋಣೆಯ ತುಂಬ ಮಣಿಗಳು ಚೆಲ್ಲಿದವು. ‘ಹರಿಯಿತು’ ಎಂದು ಇಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಮಂಗಳಸೂತ್ರ ‘ವಾಢಲಂ’, ಅಂದರೆ ಬೆಳೆಯಿತು, ಎನ್ನುವುದು ಮರಾಠಿಗರ ರೂಢಿ. ಧಾರವಾಡದಲ್ಲಿರುವ ಅವ್ವನ ಸರಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ದಾರ ಬದಲಿಸಿದರೆ ಸಾಕಾಗುವಾಗ ನನ್ನದು ಇಷ್ಟು ಬೇಗ ‘ಬೆಳೆದದ್ದು’ ಏಕೆಂದು ಕೇಳಲು ರವಿವಾರ ಪೇಠೆಯಲ್ಲಿ ಸರ ಪೋಣಿಸಿ ಕಟ್ಟಿಕೊಡುವ ಪಟವೇಕರಿಯೊಬ್ಬರ ಬಳಿಗೆ ಹೋದೆ.

ಕಾಲಿನ ಹೆಬ್ಬೆರಳಿಗೆ ದಾರ ಬಿಗಿದು ಗಂಟು ಹಾಕುತ್ತಿದ್ದ ಆ ಹಿರಿಯರು ದಾರವನ್ನು ದೂರಲಿಲ್ಲ. ಒಂದು ಮಣಿಯನ್ನು ತುಟಿಗೆ ಒತ್ತಿ ನೋಡಿ, ‘ತಾಈ, ಇದರ ಬಾಯಿ ಹರಿತವಾಗಿದೆ’ ಎಂದರು. ದಪ್ಪ ದಾರ ಹಾಕಬಹುದಲ್ಲ ಎಂದು ನನಗೆ ಹೊಳೆದಿತ್ತು. ಆದರೆ ಸುಮಾರು 2 ಮಿ.ಮೀ. ಗಾತ್ರದ ಮಣಿಯ ಸಣ್ಣ ತೂತಿನಲ್ಲಿ ಅದಕ್ಕೆ ಜಾಗವೆಲ್ಲಿ?

ತಿರುಪತಿಯ ಸಮೀಪದ ಪಾಪಾನಾಯುಡುಪೇಟೆಯ ಸಾಂಪ್ರದಾಯಿಕ ವಿಧಾನವನ್ನು ನೋಡಿದರೆ ಈ ‘ಬಾಯಿ’ಯ ಮಹತ್ವ ತಿಳಿಯುತ್ತದೆ. ಅಲ್ಲಿ ಕಾದ ಗಾಜಿನ ಮುದ್ದೆಯನ್ನು ಕಬ್ಬಿಣದ ಕೊಳವೆಯ ತುದಿಗೆ ಹಿಡಿಸಿ, ನಡುವೆ ಟೊಳ್ಳು ಮಾಡಿ, ಕುಲುಮೆಯಿಂದ ಸಣ್ಣ ನಳಿಕೆಯಾಗಿ ಕೈಯಾರೆ ಎಳೆದು, ತುಂಡು ತುಂಡಾಗಿ ಕತ್ತರಿಸುತ್ತಾರೆ. ಕತ್ತರಿಸಿದ ಚೂರು ಇನ್ನೂ ಮಣಿಯಲ್ಲ, ಗಾಜಿನ ಚಾಕು. ಅದನ್ನು ಬೂದಿಯೊಡನೆ ಕಲಸಿ ಮತ್ತೆ ಕಾಯಿಸಿದಾಗ ಅಂಚು ಕರಗಿ ದುಂಡಗಾಗುತ್ತದೆ. ತೂತು ಮುಚ್ಚಿಕೊಳ್ಳದಂತೆ, ಚೂರುಗಳು ಒಂದಕ್ಕೊಂದು ಅಂಟದಂತೆ ಬೂದಿ ಕಾಯುತ್ತದೆ. ಪುದುಚೇರಿಯ ಬಳಿ ಮಾರ್ಟಿಮರ್ ವೀಲರ್ 1945ರಲ್ಲಿ ಉತ್ಖನನ ನಡೆಸಿದ ಅರಿಕಮೇಡು ಇಂಥ ಎಳೆದ ಮಣಿಗಳ ಪ್ರಾಚೀನ ನೆಲೆ. ಆಗ್ನೇಯ ಏಷ್ಯಾದಿಂದ ಆಫ್ರಿಕದ ಪೂರ್ವ ಕರಾವಳಿಯವರೆಗೆ ಹರಡಿದ ಈ ಬಗೆಯ ಪುಟ್ಟ ಮಣಿಗಳನ್ನು ಮಣಿಗಳ ಸಂಶೋಧಕ ಪೀಟರ್ ಫ್ರಾನ್ಸಿಸ್ ‘ಇಂಡೋ-ಪೆಸಿಫಿಕ್’ ಮಣಿಗಳೆಂದು ಕರೆದರು. ಇಷ್ಟು ದೂರ ಹೋದ ವಸ್ತುವಿನ ಹಿಂದೆ ಒಂದು ಹಿಡಿ ಒಲೆಯ ಬೂದಿಯ ಪಾತ್ರವಿರುವುದು ನನಗೆ ಬಹಳ ಹಿಡಿಸಿತು.

ಹಾಗೆಂದು ಕೈಯಿಂದ ಮಾಡಿದ್ದೆಲ್ಲ ಶ್ರೇಷ್ಠವೆಂದು ಹೇಳಲಾರೆ. ಜಪಾನಿನ ಮಿಯುಕಿ ಮಣಿಗಳು ಅಳತೆಯಲ್ಲಿ ಎಷ್ಟು ಸಮನಾಗಿರುತ್ತವೆಂದರೆ ಹೆಣಿಗೆಯ ವಿನ್ಯಾಸಕ್ಕೆ ಅವೇ ಸರಿ. ಆದರೆ ಒಂದೆಳೆಯ ಸರವಾದಾಗ ಅವು ಅಚ್ಚು ಹೊಡೆದಂತೆ ಕಾಣುತ್ತವೆ. ಕರಿಮಣಿಗೆ ನಾನು ತುಸು ಏರುಪೇರಿನವನ್ನೇ ಆರಿಸುತ್ತೇನೆ.

ಈಗ ಪೋಣಿಸುವ ಮೊದಲು ಸ್ಟೀಲ್ ತಟ್ಟೆಯಲ್ಲಿ ಮಣಿ ಹರಡಿಕೊಂಡು ಒಂದೊಂದನ್ನೂ ತುಟಿಗೆ ಒತ್ತಿ ನೋಡುತ್ತೇನೆ. ಹರಿತವೆನಿಸಿದವು ಬೇರೆ ಬಟ್ಟಲಿಗೆ ಹೋಗುತ್ತವೆ. ಗಣೇಶ ಚೌತಿಯ ಹೊತ್ತಿಗೆ ಆ ಬಟ್ಟಲು ತುಂಬಿದ್ದರಿಂದ ಅವನ್ನೆಲ್ಲ ತಂತಿಯಲ್ಲಿ ಪೋಣಿಸಿ ಬಾಗಿಲಿಗೆ ತೋರಣ ಕಟ್ಟಿದೆ.