ಭೋಪಾಲದಲ್ಲಿ ಒಂದು ಹಸಿ ಗೋಡೆ

ಮೊದಲೇ ಹೇಳಿಬಿಡುತ್ತೇನೆ, ಭೋಪಾಲದ ಮ್ಯೂಸಿಯಂ ನೋಡಬೇಕು ಅಂತಿದ್ದರೆ ಸೋಮವಾರ ಹೋಗಬೇಡಿ. ನಾವು ಇಳಿದುಕೊಂಡಿದ್ದ ಹೋಟೆಲಿನವರು ತೆರೆದಿರುತ್ತೆ ಹೋಗಿ ಅಂದರು, ನಂಬಿ ಆಟೋ ಹತ್ತಿದೆವು. ಮೂರು ಕಡೆ ಹೋದರೂ ಗೇಟಿಗೆ ಬೀಗ. ಇದ್ದದ್ದೇ ಮೂರು ದಿನ, ಅದರಲ್ಲಿ ಒಂದು ಸುಮ್ನೆ ಹಾಳಾಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಂಗಳವಾರ ಬುಡಕಟ್ಟು ಸಂಗ್ರಹಾಲಯಕ್ಕೆ ಹೋದೆವು. 2013ರಲ್ಲಿ ಶುರುವಾದದ್ದು. ಗೊಂಡ, ಭೀಲ, ಬೈಗಾ, ಕೊರ್ಕು, ಕೋಲ, ಭಾರಿಯಾ, ಸಹರಿಯಾ, ಹೀಗೆ ಏಳು ಸಮುದಾಯಗಳ ಬದುಕು ಅಲ್ಲಿದೆ. ಕಟ್ಟಿದ್ದು, ಕೆತ್ತಿದ್ದು, ಬಣ್ಣ ಬಳಿದದ್ದು ಹೆಚ್ಚಾಗಿ ಆ ಸಮುದಾಯಗಳ ಕಲಾವಿದರೇ. ದೀಪದ ಆಟ ಸ್ವಲ್ಪ ಜಾಸ್ತಿಯಾಯಿತು, ನನಗೆ ಹಿಡಿಸಲಿಲ್ಲ. ಆದರೆ ಕಲಾವಿದೆ ಭೂರಿ ಬಾಯಿ ತಮ್ಮ ಬದುಕನ್ನೇ ಚಿತ್ರವಾಗಿ ಬರೆದಿರುವ ಗೋಡೆಯ ಮುಂದೆ ಕಾಲು ಕೀಳಲಾಗಲಿಲ್ಲ. ಹತ್ತಿರ ಹೋದರೆ ಬರೀ ಚುಕ್ಕಿಗಳು. ಸಾಲು ಸಾಲು ಚುಕ್ಕಿ, ಒಂದರ ಪಕ್ಕ ಒಂದು. ಎರಡು ಹೆಜ್ಜೆ ಹಿಂದೆ ಬಂದರೆ ಅದೇ ಮರ, ಅದೇ ಪ್ರಾಣಿ.

ಆಕೆ ಭೀಲ ಹೆಂಗಸು. ಭೋಪಾಲದ ಕಲಾಕೇಂದ್ರ ಭಾರತ ಭವನ ಕಟ್ಟುವಾಗ ಅಲ್ಲಿ ಕೂಲಿ ಮಾಡಿದವರು. ನಿಮ್ಮೂರಲ್ಲಿ ಹೇಗೆ ಚಿತ್ರ ಬರೆಯುತ್ತೀರೋ ಹಾಗೇ ಬರೆಯಿರಿ ಅಂತ ಅವರ ಕೈಗೆ ಕಾಗದ, ಬಣ್ಣ ಕೊಟ್ಟವರು ಕಲಾವಿದ ಜೆ. ಸ್ವಾಮಿನಾಥನ್. ಭಾರತ ಭವನ 1982ರಲ್ಲಿ ತೆರೆದಾಗ ಸ್ವಾಮಿನಾಥನ್ ಊರಿನ ಕಲೆಯನ್ನೂ ನಗರದ ಕಲೆಯನ್ನೂ ಅಕ್ಕಪಕ್ಕ ಇಟ್ಟರು, ಒಂದು ಮೇಲೆ ಒಂದು ಕೆಳಗೆ ಅಂತಲ್ಲ. ಭೂರಿ ಬಾಯಿಗೆ 2021ರಲ್ಲಿ ಪದ್ಮಶ್ರೀ ಬಂತು. ಎಷ್ಟು ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರ ಹೆಸರು ನಮಗೆ ಗೊತ್ತಿದೆ ಹೇಳಿ?

ಬುಧವಾರ ಮಾನವ ಸಂಗ್ರಹಾಲಯ. ಶ್ಯಾಮಲಾ ಬೆಟ್ಟದ ಮೇಲೆ ಸುಮಾರು 200 ಎಕರೆ, ಬಯಲಲ್ಲೇ ಬೇರೆ ಬೇರೆ ಕಡೆಯ ಮನೆಗಳು. ಆಯಾ ಸಮುದಾಯದವರೇ ಬಂದು ಕಟ್ಟಿಕೊಟ್ಟ ಮನೆಗಳು ಇವು. ಒಂದು ಮನೆಯ ಮುಂದೆ ವಯಸ್ಸಾದವರೊಬ್ಬರು ಮಣ್ಣು, ಸಗಣಿ ಕಲಸಿ ಗೋಡೆ ಸಾರಿಸುತ್ತಿದ್ದರು. ಇಲ್ಲೇ ಕೆಲಸಾನಾ ಅಂತ ನನ್ನ ಅರೆಬರೆ ಹಿಂದಿಯಲ್ಲಿ ಕೇಳಿದೆ.

'ಕೆಲಸ ಅಲ್ಲ. ಇದು ನಮ್ಮ ಮನೆ. ರಿಪೇರಿಗೆ ಬಂದಿದ್ದೇವೆ.'

ಮಣ್ಣು ಎಲ್ಲಿಯದು ಅಂದೆ. ಇಲ್ಲಿಯದೇ, ಆದರೆ ನಮ್ಮೂರಿನದರಷ್ಟು ಅಂಟಲ್ಲ, ಅದಕ್ಕೇ ಬೇಗ ಬಿರುಕು ಬಿಡುತ್ತೆ ಅಂದರು. ಆಮೇಲೆ ಅವರೇ ಮಾತು ತೆಗೆದರು. ಯಾವುದೋ ದೊಡ್ಡ ಊರಿನ ಮ್ಯೂಸಿಯಂನಲ್ಲಿ ತಮ್ಮ ಕಡೆಯ ಬುಟ್ಟಿ ಗಾಜಿನೊಳಗೆ ಇತ್ತಂತೆ. ಚೀಟಿಯಲ್ಲಿ 'ಬುಡಕಟ್ಟಿನವರ ಬುಟ್ಟಿ' ಅಂತಷ್ಟೇ ಇತ್ತಂತೆ. 'ಹೆಣೆದವರಿಗೆ ಹೆಸರಿರುತ್ತೆ ಅಲ್ವಾ? ಕೇಳಿದ್ದರೆ ಹೇಳ್ತಿದ್ದರು.' ಸಿಟ್ಟಿನಿಂದ ಹೇಳಲಿಲ್ಲ, ಗೋಡೆ ಸಾರಿಸುತ್ತಲೇ ಹೇಳಿದರು. ನನಗೆ ಮಾತು ಹೊರಡಲಿಲ್ಲ. ಅಂಥ ಚೀಟಿಗಳನ್ನು ನಾನು ಎಷ್ಟೋ ಕಡೆ ಓದಿಕೊಂಡು ಮುಂದೆ ಹೋಗಿದ್ದೇನೆ.

ಮಗಳು ಅಷ್ಟರಲ್ಲಿ ಗೋಡೆ ಮುಟ್ಟಲು ಹೋದಳು. ಮುಟ್ಟಬೇಡ ಅಂತ ನಾನು ಕೂಗಿದೆ, ಮ್ಯೂಸಿಯಂ ಅಭ್ಯಾಸ. ಅವರು ಒಂದು ಮುದ್ದೆ ಮಣ್ಣು ತೆಗೆದು ಅವಳ ಅಂಗೈಗೆ ಹಾಕಿ, ಕೆಳಗಿನ ಬಿರುಕು ತೋರಿಸಿದರು. ಅರ್ಧ ಗಂಟೆ ಇಬ್ಬರೂ ಕೂತು ಅದನ್ನು ಮುಚ್ಚಿದರು.