ಎಲ್ಲಾ 1862, ಆದರೂ ಒಂದೇ ಅಲ್ಲ

ವರಮಹಾಲಕ್ಷ್ಮಿ ಹಬ್ಬಕ್ಕೆ ತಿಪಟೂರಿಗೆ ಹೋಗಿದ್ದೆ. ಅಜ್ಜಿ ಟ್ರಂಕಿನಿಂದ ಕೆಂಪು ಬಟ್ಟೆಯ ಗಂಟು ತೆಗೆದು ಕಳಶದ ಮುಂದಿನ ತಟ್ಟೆಗೆ ಸುರಿದರು. ಏಳು ಬೆಳ್ಳಿ ರೂಪಾಯಿ. ಮುತ್ತಜ್ಜ ಕೊಬ್ಬರಿ ಮಾರಿದ ದುಡ್ಡಲ್ಲಿ ಉಳಿಸಿದ್ದು ಅಂತ ಮನೆಯಲ್ಲಿ ಹೇಳ್ತಾರೆ. ಪೂಜೆ ಮುಗಿದ ಮೇಲೆ ನಾನು ಒಂದೊಂದಾಗಿ ಕೈಗೆ ತಗೊಂಡು ಕೂತೆ.

"ಅದೇನಪ್ಪಾ ಅಷ್ಟೊತ್ತಿಂದ ನೋಡ್ತಿದ್ದೀಯ? ಎಲ್ಲಾ ರಾಣಿ ರೂಪಾಯೇ ಅಲ್ವಾ" ಅಂದರು ಅಜ್ಜಿ.

ಏಳರ ಮೇಲೂ 1862 ಅಂತಲೇ ಇದೆ, ನಿಜ. ಆದರೆ ಏಳೂ ಆ ವರ್ಷದಲ್ಲೇ ಹುಟ್ಟಿದವು ಅಂತ ಹೇಳೋಕಾಗಲ್ಲ.

ತುಮಕೂರಿನಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಸಿಕ್ಕಿಸುವ ಹತ್ತು ಪಟ್ಟಿನ ಲೆನ್ಸ್ ಸದಾ ಜೇಬಿನಲ್ಲಿರುತ್ತದೆ. ಅವತ್ತೂ ಇತ್ತು. ಇಸವಿಯ ಕೆಳಗೆ ನೋಡಿದೆ. ಒಂದರಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಸಾಲಾಗಿ ನಾಲ್ಕು. ಮತ್ತೊಂದರಲ್ಲಿ ಆರು.

ಇದರ ಹಿಂದೆ ಒಂದು ಕಥೆ ಇದೆ. ಈಸ್ಟ್ ಇಂಡಿಯಾ ಕಂಪನಿ ಆಡಳಿತ ಹೋಗಿ ವಿಕ್ಟೋರಿಯಾ ರಾಣಿಯ ಆಡಳಿತ ಬಂದ ಮೇಲೆ 1862ರಲ್ಲಿ ಹೊಸ ರೂಪಾಯಿ ಬಂತು. ಮುಂದೆ ಎಷ್ಟೋ ವರ್ಷ ಅದೇ ಇಸವಿ ಹಾಕಿಯೇ ಅಚ್ಚು ಹೊಡೆದರು. ವರ್ಷ ವರ್ಷ ಇಸವಿ ಬದಲಾಗಲು ಶುರುವಾಗಿದ್ದು 1874ರಿಂದ. ನಡುವಿನ ವರ್ಷಗಳನ್ನು ಗುರುತಿಸಲು ಮುಂಬೈ ಟಂಕಸಾಲೆಯವರು ಅಚ್ಚಿನಲ್ಲಿ ಚುಕ್ಕೆ ಹಾಕುತ್ತಾ ಬಂದರು. ಕೆಲವು ನಾಣ್ಯಗಳಲ್ಲಿ ಮೇಲ್ಭಾಗದಲ್ಲೂ ಚುಕ್ಕೆ ಇರುತ್ತದೆ. ಅದಕ್ಕೇ ಸಂಗ್ರಹ ಮಾಡುವವರು ಮೇಲೆಷ್ಟು, ಕೆಳಗೆಷ್ಟು ಅಂತ ಎರಡು ಅಂಕಿ ಬರೆದಿಟ್ಟುಕೊಳ್ಳುತ್ತಾರೆ.

ಅಮೆರಿಕದವರು ಮಾರ್ಗನ್ ಡಾಲರ್ ಅನ್ನೋ ಹಳೆಯ ಬೆಳ್ಳಿ ನಾಣ್ಯ ಹಿಡಿದು ಹದ್ದಿನ ಬಾಲದ ಗರಿ ಎಣಿಸುತ್ತಾರಂತೆ ಅಂದರೆ ಅಜ್ಜಿ ನಂಬಲಿಲ್ಲ. ನಿಜವಾಗಿಯೂ ಎಣಿಸುತ್ತಾರೆ. 1878ರಲ್ಲಿ ಮೊದಲು ಎಂಟು ಗರಿ ಇತ್ತು. ಆಮೇಲೆ ಏಳು ಮಾಡಿದರು. ಎಂಟರ ಅಚ್ಚಿನ ಮೇಲೇ ಏಳನ್ನು ಒತ್ತಿದ್ದೂ ಉಂಟು, ಅದರಲ್ಲಿ ಹಳೆಯ ಗರಿಗಳ ತುದಿ ಕೆಳಗಿನಿಂದ ಇಣುಕುತ್ತದೆ. ನಾವು ಚುಕ್ಕೆ ಎಣಿಸುವುದೂ ಅದೇ ಕೆಲಸ.

ಹೊಸಬರು ಎಡವೋದು ಒಂದು ಕಡೆ. ಅಚ್ಚಿನಲ್ಲಿ ಕುಳಿ ಇದ್ದರೆ ನಾಣ್ಯದ ಮೇಲೆ ಉಬ್ಬು ಬರುತ್ತದೆ. ಹಾಗಾಗಿ ಟಂಕಸಾಲೆಯ ಚುಕ್ಕೆ ಯಾವಾಗಲೂ ಉಬ್ಬಿರುತ್ತದೆ. ತಗ್ಗಿದ್ದರೆ ಅದು ಯಾರೋ ಆಮೇಲೆ ಕುಟ್ಟಿದ ಗಾಯ. ಗೆರೆಗೂ ಇದೇ ಲೆಕ್ಕ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದಲ್ಲಿ ಉಬ್ಬಿದ ಗೆರೆ. ಮೊಳೆ ತಾಗಿದ್ದರೆ ತಗ್ಗಿದ ಗೀರು. ಮೊದಲನೆಯದು ಆ ಅಚ್ಚಿನ ಗುರುತು, ಎರಡನೆಯದು ಬರೀ ಪೆಟ್ಟು. ದೀಪದ ಬೆಳಕು ಓರೆಯಾಗಿ ಬೀಳುವಂತೆ ನಾಣ್ಯ ವಾಲಿಸಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಅಚ್ಚು ಯಾವುದು ಅನ್ನೋದು ಒಂದು ಪ್ರಶ್ನೆ. ನಾಣ್ಯ ಯಾವ ಸ್ಥಿತಿಯಲ್ಲಿದೆ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ನಾನು ಮೊದಲು ನೋಡೋದು ರಾಣಿಯ ಕಿವಿಯ ಮೇಲಿನ ಕೂದಲು, ಕೆನ್ನೆ, ಆಮೇಲೆ ಕಿರೀಟ ಮತ್ತು ಉಡುಪಿನ ಕಸೂತಿ. ಎತ್ತರವಾಗಿರುವ ಜಾಗ ಮೊದಲು ಸವೆಯುತ್ತದೆ. ಕೂದಲ ಎಳೆ ಬಿಡಿಬಿಡಿಯಾಗಿ ಕಂಡರೆ ಎಕ್ಸ್‌ಟ್ರಾ ಫೈನ್ ಅನ್ನೋ ದರ್ಜೆ. ಎಳೆಗಳು ಸೇರಿಕೊಂಡರೂ ಕಸೂತಿ ಉಳಿದಿದ್ದರೆ ಅದರ ಕೆಳಗಿನ ದರ್ಜೆ, ವೆರಿ ಫೈನ್. ಅಜ್ಜಿಯ ಏಳರಲ್ಲಿ ನಾಲ್ಕು ವೆರಿ ಫೈನ್, ಎರಡು ಅದಕ್ಕಿಂತ ಕೆಳಗೆ. ಟಂಕಸಾಲೆಯಿಂದ ಬಂದಾಗ ಈ ರೂಪಾಯಿ 11.66 ಗ್ರಾಂ. ತೀರಾ ಸವೆದದ್ದನ್ನು ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 11.4 ತೋರಿಸಿತು. ಅಷ್ಟು ಬೆಳ್ಳಿ ಎಷ್ಟೋ ಜನರ ಬೆರಳಿಗೆ, ಸೊಂಟದ ಚೀಲಕ್ಕೆ ಹೋಗಿದೆ.

ಏಳನೆಯದರ ಬಗ್ಗೆ ಬರೆಯೋಕೆ ಕಷ್ಟವಾಗುತ್ತದೆ.

ಅದು ಏಳರಲ್ಲೇ ಅತಿ ಕಡಿಮೆ ಸವೆದಿದ್ದ ನಾಣ್ಯ. ನನಗಾಗ ಹದಿನೆಂಟು ವರ್ಷ. ಹಬ್ಬಕ್ಕೆ ಫಳಫಳ ಹೊಳೆಯಲಿ ಅಂತ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆ. ಅಜ್ಜಿಗೆ ಖುಷಿಯಾಯಿತು, ನನಗೂ. ಈಗ ಲೆನ್ಸಿನಲ್ಲಿ ನೋಡಿದರೆ ರಾಣಿಯ ಕೆನ್ನೆ ತುಂಬಾ ಒಂದೇ ದಿಕ್ಕಿನ ಕೂದಲಿನಂಥ ಗೀರುಗಳು. ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಆ ಹರಿವಿನ ಸಣ್ಣ ಗೆರೆಗಳಿಂದಲೇ ಹೊಸ ನಾಣ್ಯ ತಿರುಗಿಸಿದಾಗ ಬೆಳಕು ಗಾಲಿಯ ಹಾಗೆ ಸುತ್ತುತ್ತದೆ. ಹುಳಿ ಮತ್ತು ಬೂದಿ ಆ ಗೆರೆಗಳನ್ನು ತಿಂದುಹಾಕಿದವು. ಉಳಿದದ್ದು ಸ್ಟೀಲ್ ತಟ್ಟೆಯಂಥ ಬೆಳ್ಳನೆ ಮಿಂಚು. ಕೂದಲು, ಕಸೂತಿ ಎಲ್ಲಾ ಇದೆ, ಆದರೆ ತಿಳಿದವರು ಯಾರೂ ಅದಕ್ಕೆ ಒಳ್ಳೆಯ ದರ್ಜೆ ಕೊಡಲ್ಲ. ಹೋದ ಹೊಳಪು ಯಾವ ಪಾಲಿಶ್‌ನಿಂದಲೂ ವಾಪಸ್ ಬರಲ್ಲ. ಅದರ ಇಸವಿಯ ಕೆಳಗೆ ನಾಲ್ಕು ಚುಕ್ಕೆ ಸ್ಪಷ್ಟವಾಗಿವೆ. ಅಷ್ಟಾದರೂ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಬೆಳ್ಳಿಗೆ ಹಿಡಿದ ಕಪ್ಪು ಕೊಳೆಯಲ್ಲ. ಗಾಳಿಯ ಗಂಧಕ ತಾಗಿ ತಾನಾಗಿ ಕೂತ ಪದರ ಅದು. ಕೆಲವು ನಾಣ್ಯಗಳಲ್ಲಿ ಅಂಚಿನ ಸುತ್ತ ನೀಲಿ, ಕಂದು ಬಣ್ಣ ಬಂದಿರುತ್ತದೆ, ನೋಡೋಕೆ ಎಷ್ಟು ಚೆಂದ! ಕುಂಕುಮ ಮೆತ್ತಿದ್ದರೆ ಬರೀ ನೀರಿನಲ್ಲಿ ಅದ್ದಿ, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ಒಣಗಿಸಿ. ಒರೆಸಬೇಡಿ. ಹಿಡಿಯುವಾಗ ಅಂಚು ಮಾತ್ರ ಹಿಡಿಯಿರಿ.

ಅಂಚನ್ನೂ ಒಮ್ಮೆ ಸುತ್ತ ತಿರುಗಿಸಿ ನೋಡಿ. ನಮ್ಮ ಕಡೆ ರಾಣಿ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಹಾಕುವುದು ಜಾಸ್ತಿ. ಆಮೇಲೆ ಕೊಂಡಿ ಕಿತ್ತು, ಅರದಿಂದ ಉಜ್ಜಿ ಮಾರುತ್ತಾರೆ. ರಾಣಿಯ ತಲೆಯ ನೇರಕ್ಕೆ, ಅಂಚಿಗೆ ಟಂಕಸಾಲೆಯಲ್ಲೇ ಹಾಕಿದ ಸಣ್ಣ ಗೀರುಗಳು ಅರ್ಧ ಬೆರಳಗಲ ನುಣ್ಣಗಾಗಿದ್ದರೆ ಬೆಸುಗೆಯ ಜಾಗ ಅದೇ.

ಈಗ ಏಳಕ್ಕೂ ಬೇರೆ ಬೇರೆ ಕಾಗದದ ಪೊಟ್ಟಣ ಮಾಡಿದ್ದೇನೆ. ಪೊಟ್ಟಣದ ಮೇಲೆ ಚುಕ್ಕೆ ಎಷ್ಟು, ತೂಕ ಎಷ್ಟು ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹಬ್ಬಕ್ಕೆ ಕಳಶದ ಮುಂದೆ ಇಡೋದು ಮೊದಲಿನ ಹಾಗೇ. ತೊಳೆಯೋದು ಮಾತ್ರ ಇಲ್ಲ ಅಂತ ಅಜ್ಜಿ ಒಪ್ಪಿದ್ದಾರೆ.

ಕುಣಿಗಲ್ಲಿನ ಅತ್ತೆಯ ಹತ್ತಿರ ಇನ್ನೂ ನಾಲ್ಕು ಇವೆಯಂತೆ, ಡಬ್ಬಿಯಲ್ಲಿ ಕಪ್ಪಾಗಿ ಬಿದ್ದಿವೆಯಂತೆ. ಭಾನುವಾರ ನೋಡೋಕೆ ಹೋಗುತ್ತಿದ್ದೇನೆ. ಇವತ್ತು ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದೆ: "ಅತ್ತೆ, ನಾನು ಬರೋವರೆಗೂ ತೊಳೀಬೇಡಿ."