ಕೆರೆಯ ಹೂಳಿನಲ್ಲಿ ಕೂತ ಕೀಟನಾಶಕ

ಹೊಲದ ಪಕ್ಕದ ಕೆರೆಯ ನೀರನ್ನಷ್ಟೇ ಪರೀಕ್ಷಿಸಿ ನೆಮ್ಮದಿಪಡಬೇಡಿ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ನೀರಿನಲ್ಲಿ ಕರಗುವುದೇ ಕಡಿಮೆ. ಮಳೆಗೆ ಕೊಚ್ಚಿಬರುವ ಜೇಡಿಗೆ ಅಂಟಿ ತಳ ಸೇರುತ್ತವೆ. ಅಲ್ಲಿನ ಹುಳುಗಳೇ ಮೀನಿನ ಆಹಾರ ಎಂಬುದು ನನ್ನ ದೊಡ್ಡ ಚಿಂತೆ.

ಕಾಲುವೆ ಕೆರೆಗೆ ಸೇರಿ ನೀರು ನಿಧಾನವಾಗುವ ಕಡೆ, ಮೇಲಿನ 2 ಸೆಂ.ಮೀ. ಹೂಳನ್ನಷ್ಟೇ ಪರೀಕ್ಷೆಗೆ ತೆಗೆಯಿರಿ. ಆಳಕ್ಕೆ ತೋಡಿದರೆ ಹಳೆಯ ಮಣ್ಣು ಬೆರೆತು ಈಚಿನ ಸಿಂಪಡಣೆಯ ಗುರುತು ಮಸುಕಾಗುತ್ತದೆ. ಮರಳಿನಲ್ಲಿ ಹೆಚ್ಚೇನೂ ಸಿಗದು. ಸ್ಟೀಲ್ ಚಮಚ, ಅಸಿಟೋನ್‌ನಲ್ಲಿ ತೊಳೆದ ಗಾಜಿನ ಬಾಟಲಿಯೇ ಬೇಕು. ಪ್ಲಾಸ್ಟಿಕ್ ಕೀಟನಾಶಕವನ್ನು ಹೀರಿಕೊಳ್ಳುತ್ತದೆ. ಫ್ರೀಜ್ ಮಾಡುವುದಾದರೆ ಮುಕ್ಕಾಲು ಭಾಗ ತುಂಬಿ, ಇಲ್ಲದಿದ್ದರೆ ಗಾಜು ಒಡೆಯುತ್ತದೆ.

ಪ್ರಯೋಗಾಲಯದಲ್ಲಿ ಹೂಳಿನ ಸಾವಯವ ಇಂಗಾಲವನ್ನೂ (ಕೊಳೆತ ಗಿಡ, ಜೀವಿಗಳಿಂದ ಬಂದದ್ದು) ಅಳೆಸಿ. ಇಂಥ ಕೀಟನಾಶಕ ಅದಕ್ಕೆ ಹೆಚ್ಚು ಅಂಟುವುದರಿಂದ, ಆ ಅಳತೆಯಿಲ್ಲದೆ ಎರಡು ಕೆರೆಗಳನ್ನು ಹೋಲಿಸಲಾಗದು. 2011ರಲ್ಲಿ ನಿಷೇಧವಾದ ಎಂಡೋಸಲ್ಫಾನ್ ಬಳಸಿದ್ದ ಊರಾದರೆ ಅದು ಮಾರ್ಪಟ್ಟು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟನ್ನೂ ಪರೀಕ್ಷಿಸಲು ಕೇಳಿ, ಮೂಲ ರಾಸಾಯನಿಕಕ್ಕಿಂತ ಅದು ಹೆಚ್ಚು ಕಾಲ ಉಳಿಯುತ್ತದೆ. ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕುವ ಮುನ್ನವೇ ಇದಾಗಲಿ.